ಊರ ಹೆಸರೇ ವೇಗಮಿತಿಯಾದರೆ
ಫ್ರಾನ್ಸಿನ ಹಳ್ಳಿಗಳ ಮೂಲಕ ಕಾರು ಓಡಿಸುವವರಿಗೆ ಎಷ್ಟು ವೇಗದಲ್ಲಿ ಹೋಗಬೇಕೆಂಬುದನ್ನು ಯಾರೂ ನೇರವಾಗಿ ಹೇಳುವುದಿಲ್ಲ ಎಂಬುದೇ ನನ್ನ ತಕರಾರು. ಕೆಂಪು ಅಂಚಿನ ಬಿಳಿ ಫಲಕದಲ್ಲಿ ಊರಿನ ಹೆಸರು ಕಂಡಿತೆಂದರೆ, ಅದರಲ್ಲಿ ಒಂದು ಅಂಕಿಯೂ ಇಲ್ಲದಿದ್ದರೂ, ಮಿತಿ ಗಂಟೆಗೆ 50 ಕಿಲೋಮೀಟರಿಗೆ ಇಳಿಯಿತೆಂದು ನಾವೇ ತಿಳಿದುಕೊಳ್ಳಬೇಕು. ಅದೇ ಹೆಸರಿಗೆ ಓರೆಯಾಗಿ ಕೆಂಪು ಗೆರೆ ಎಳೆದ ಫಲಕ ಬಂದಾಗ ಆ ಮಿತಿ ಮುಗಿಯುತ್ತದೆ. ಆದರೆ ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರಗಳಲ್ಲಿರುವುದು ಬರೀ ಜಾಗದ ಹೆಸರು, ಅದಕ್ಕೆ ವೇಗ ತಗ್ಗಿಸುವ ಅಧಿಕಾರವಿಲ್ಲ. ಇಷ್ಟು ಕಲಿತರೂ ನೆಮ್ಮದಿಯಿಲ್ಲ. ಊರ ಹೊರಗಿನ, ನಡುವೆ ವಿಭಜಕವಿಲ್ಲದ ರಸ್ತೆಗಳಲ್ಲಿ 90 ಇದ್ದದ್ದು 2018ರ ಜುಲೈನಿಂದ 80 ಆಯಿತು. ಅನಂತರ ಹಲವು ಜಿಲ್ಲೆಗಳು ತಮ್ಮ ಕೆಲವು ರಸ್ತೆಗಳಲ್ಲಿ ಮತ್ತೆ 90 ಮಾಡಿಕೊಂಡವು. ಸಾಲದೆಂಬಂತೆ 2023ರ ಕೊನೆಯಲ್ಲಿ ರೈತರು ಪ್ರತಿಭಟನೆಗಾಗಿ ಊರ ಫಲಕಗಳನ್ನೇ ತಲೆಕೆಳಗು ಮಾಡಿದರು (ಅವರ ಸಿಟ್ಟಿಗೆ ಕಾರಣವಿತ್ತು, ಅದು ಬೇರೆ ಮಾತು). ಕ್ಯಾಮೆರಾಗಳಿಗೆ ಮಾತ್ರ ಯಾವ ಗೊಂದಲವೂ ಇಲ್ಲ: ಊರೊಳಗೆ ಮಿತಿಯನ್ನು 20 ಕಿಲೋಮೀಟರಿಗಿಂತ ಕಡಿಮೆ ಮೀರಿದರೂ 135 ಯೂರೋ ದಂಡ, ಊರ ಹೊರಗೆ ಅದೇ ತಪ್ಪಿಗೆ 68. ಅಷ್ಟು ವಸೂಲಿ ಮಾಡುವವರಿಗೆ ಊರ ಹೆಸರಿನ ಕೆಳಗೆ 50 ಎಂದು ಬರೆಸಲು ಎಷ್ಟು ಬಣ್ಣ ಬೇಕಿತ್ತು?