ಸ್ಟಾರ್ಟ್ ಟ್ರಿಗರ್ ಒಂದೇ ಆಗಿದ್ದರೆ ಸಾಲದು: ಒಂದು ಸ್ಪಷ್ಟನೆ

ಎರಡು ಡೇಟಾ ಅಕ್ವಿಸಿಷನ್ ಸಾಧನಗಳಿಗೆ (ಸಂಕೇತಗಳನ್ನು ಅಳೆದು ದಾಖಲಿಸುವ ಉಪಕರಣಗಳಿಗೆ) ಒಂದೇ ಸ್ಟಾರ್ಟ್ ಟ್ರಿಗರ್ (ಅಳತೆ ಆರಂಭಿಸುವ ಸಂಕೇತ) ಕೊಟ್ಟರೆ ಅಳತೆಗಳ ಸಮಯ ಕೊನೆಯವರೆಗೂ ಹೊಂದಿಕೊಂಡಿರುತ್ತದೆ ಎಂಬ ಸಂದೇಶ ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಟ್ರಿಗರ್ ಆರಂಭದ ಕ್ಷಣವನ್ನು ಮಾತ್ರ ಹೊಂದಿಸುತ್ತದೆ. ಆನಂತರದ ಪ್ರತಿ ಅಳತೆಯ, ಅಂದರೆ ಸ್ಯಾಂಪಲ್‌ನ ಸಮಯವನ್ನು ನಿರ್ಧರಿಸುವುದು ಆಯಾ ಸಾಧನದೊಳಗೆ ಕಂಪಿಸುವ ಸ್ಫಟಿಕದಿಂದ, ಅಂದರೆ ಕ್ರಿಸ್ಟಲ್‌ನಿಂದ ಬರುವ ಕ್ಲಾಕ್ (ಸಮಯ ಅಳೆಯುವ ನಿಯಮಿತ ಮಿಡಿತ), ಮತ್ತು ಯಾವ ಎರಡು ಕ್ರಿಸ್ಟಲ್‌ಗಳ ವೇಗವೂ ತದ್ರೂಪವಾಗಿರುವುದಿಲ್ಲ. ಅವುಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 1000 ಸ್ಯಾಂಪಲ್ ತೆಗೆಯುವಾಗ 180 ಸ್ಯಾಂಪಲ್‌ಗಳ ಅಂತರ ಬೀಳುತ್ತದೆ. ಮೋಟಾರಿನ ಕಂಪನವನ್ನೂ ಕರೆಂಟನ್ನೂ ಹೋಲಿಸಿ ದೋಷ ಹುಡುಕುವವರಿಗೆ ಇದು ಅಲ್ಪವಲ್ಲ. ಆದ್ದರಿಂದ ಟ್ರಿಗರ್ ಜೊತೆಗೆ ಒಂದು ಸಾಧನದ ಸ್ಯಾಂಪಲ್ ಕ್ಲಾಕನ್ನು ಇನ್ನೊಂದಕ್ಕೂ ಕೊಡಬೇಕು, ಇಲ್ಲವೇ ಎರಡನ್ನೂ ಒಂದೇ ರೆಫರೆನ್ಸ್ ಕ್ಲಾಕಿಗೆ (ಎರಡಕ್ಕೂ ಆಧಾರವಾಗುವ ಕ್ಲಾಕಿಗೆ) ಲಾಕ್ ಮಾಡಬೇಕು, ಅಂದರೆ ಅದರ ವೇಗಕ್ಕೇ ಕಟ್ಟಿಹಾಕಬೇಕು. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.