ಬಾಗಿಲು ಹಾಕಿದ್ದು ಕಂಪನಿ, ಖರ್ಚಾಗಿದ್ದು ನಮ್ಮ ರಜೆ

ಕಳೆದ ಡಿಸೆಂಬರ್ ಮೊದಲ ವಾರ. ಪುಣೆಯ ಹಿಂಜವಡಿಯ ಐಟಿ ಆಫೀಸಿನಲ್ಲಿ ಬೆಳಿಗ್ಗೆ ಚಹಾ ಹಿಡಿದು ಕೂತು ಲೀವ್ ಪೋರ್ಟಲ್ ತೆರೆದೆ. ಹಿಂದಿನ ದಿನ 6 ರಜೆ ಇದ್ದವು. ಈಗ 1. ಕೆಳಗೆ ನೋಡಿದರೆ 24, 26, 29, 30, 31 ಐದೂ ತಾರೀಖಿನ ಎದುರು ‘ಅಪ್ರೂವ್ಡ್’ ಅಂತ ಹಸಿರು ಅಕ್ಷರ. ನಾನು ಅರ್ಜಿಯನ್ನೇ ಹಾಕಿರಲಿಲ್ಲ.

ಮಧ್ಯಾಹ್ನ ಮೇಲ್ ಬಂತು. ಅಮೆರಿಕದ ಕ್ಲೈಂಟ್ ಹೊಸ ವರ್ಷದವರೆಗೆ ಕೆಲಸ ಮಾಡುವುದಿಲ್ಲ, ಹಾಗಾಗಿ ನಮ್ಮಲ್ಲೂ ಶಟ್‌ಡೌನ್. ಡಿಸೆಂಬರ್ 25 ಮತ್ತು ಜನವರಿ 1 ಕಂಪನಿ ಲೆಕ್ಕ. ಉಳಿದ ಐದು ದಿನ ನಮ್ಮ ಲೆಕ್ಕ.

ಆ ರಜೆ ನಾನು ಸುಮ್ನೆ ಉಳಿಸಿರಲಿಲ್ಲ. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ನಂದಿಕೋಲು ನೋಡಿ, ಜಾತ್ರೆ ಮುಗಿದ ಮೇಲೆ ಅವ್ವನ ಕಣ್ಣಿನ ಪೊರೆ ಆಪರೇಷನ್ ಮಾಡಿಸಿ, ನಾಲ್ಕು ದಿನ ಜೊತೆಗಿದ್ದು ಬರಬೇಕು ಅಂತ ಮಾಡಿದ್ದೆ. ಆಪರೇಷನ್ ದಿನ ನಾನು ಪುಣೆಯಲ್ಲೇ ಇದ್ದೆ. ಅವ್ವನ ಕಣ್ಣಿಗೆ ಡ್ರಾಪ್ಸ್ ಹಾಕಿದ್ದು ತಂಗಿ. ಡಿಸೆಂಬರ್ ಕೊನೆಯ ವಾರ ಮಾತ್ರ ಮನೆಯಲ್ಲಿ ಖಾಲಿ ಕೂತಿದ್ದೆ.

ರಜೆ ಯಾರೂ ದಾನ ಕೊಡುವುದಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ನೋಡಿ. ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ ಪ್ರತಿ 20 ದಿನದ ದುಡಿಮೆಗೆ ಸಂಬಳ ಸಹಿತ 1 ರಜೆ. 45 ದಿನದವರೆಗೆ ಕೂಡಿಡಬಹುದು. ಅಂದರೆ ಐದು ರಜೆ ಕೂಡಿಸೋಕೆ 100 ದಿನ ದುಡಿಯಬೇಕು. ಹಬ್ಬದ ರಜೆ ಬೇರೆ, ಒಟ್ಟು 8. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಖಾಯಂ. ಉಳಿದ ನಾಲ್ಕನ್ನು ವರ್ಷ ಶುರುವಾಗುವ ಮೊದಲೇ ಮಾಲೀಕರು ಮತ್ತು ಕೆಲಸಗಾರರು ಸೇರಿ ಒಪ್ಪಿಕೊಳ್ಳಬೇಕು ಅನ್ನುತ್ತದೆ ಕಾಯ್ದೆ. ನಾಲ್ಕು ಹಬ್ಬಕ್ಕೇ ನಮ್ಮ ಒಪ್ಪಿಗೆ ಬೇಕು ಅಂದಮೇಲೆ, ನಾವು ದುಡಿದು ಗಳಿಸಿದ ಐದು ದಿನಕ್ಕೆ ಒಂದು ಮಾತು ಕೇಳಬಾರದಾ?

ನನ್ನದಾದರೂ ರಜೆ ಹೋಯಿತು, ಸಂಬಳ ಉಳಿಯಿತು. ನಮ್ಮ ಟೀಮಿನಲ್ಲಿ ಬಾಗಲಕೋಟೆ ಕಡೆಯ ಹುಡುಗನೊಬ್ಬ ಅಕ್ಟೋಬರ್‌ನಲ್ಲಿ ಸೇರಿದ್ದ. ಅವನ ಖಾತೆಯಲ್ಲಿ ಇದ್ದದ್ದು ಎರಡೇ ಕ್ಯಾಶುಯಲ್ ರಜೆ. ಮೂರು ದಿನದ ಸಂಬಳ ಮುರಿದುಕೊಂಡರು. ಸ್ಯಾಲರಿ ಸ್ಲಿಪ್ ಮೊಬೈಲಿನಲ್ಲಿ ತೋರಿಸಿ, “ಅಣ್ಣಾ, ನಾ ಬರಲ್ಲ ಅಂದಿದ್ದಿಲ್ಲಲ್ಲ? ಅವರೇ ಬರಬ್ಯಾಡ ಅಂದ್ರು. ಈಗ ಮನೀಗೆ ಏನಂತ ಹೇಳ್ಲಿ?” ಅಂದ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

“ವರ್ಷದ ಕೊನೆಗೆ ರಜೆ ಸಿಕ್ತಲ್ಲ, ಗೋವಾಕ್ಕೆ ಹೋಗಿ ಬನ್ನಿ” ಅನ್ನುವವರಿದ್ದಾರೆ. ಆ ವಾರ ಸ್ವಾರಗೇಟ್‌ನಿಂದ ಹೊರಡುವ ಖಾಸಗಿ ಬಸ್ಸಿನ ಟಿಕೆಟ್ ದರ ಅವರು ನೋಡಿಲ್ಲ ಅನ್ಸುತ್ತೆ. ಅದಕ್ಕಿಂತ ಜಾಸ್ತಿ, ರಜೆ ಅಂದರೆ ನಮಗೆ ಬೇಕಾದಾಗ ಸಿಗಬೇಕಾದ್ದು. ಅವ್ವನಿಗೆ ಹುಷಾರಿಲ್ಲದಾಗ, ಊರಲ್ಲಿ ಮದುವೆ ಇದ್ದಾಗ.

ಕ್ಲೈಂಟ್ ಕೆಲಸ ನಿಂತರೆ ಬಿಲ್ಲಿಂಗ್ ನಿಲ್ಲುತ್ತದೆ, ನಷ್ಟ ಆಗುತ್ತದೆ, ಒಪ್ಪುತ್ತೇನೆ. ಆದರೆ ಕ್ರಿಸ್‌ಮಸ್ ದಿಢೀರನೆ ಬರುವ ಹಬ್ಬವಲ್ಲ. ಕ್ಲೈಂಟ್ ಯಾವಾಗ ಬಾಗಿಲು ಹಾಕುತ್ತಾರೆ ಅಂತ ವರ್ಷದ ಆರಂಭದಲ್ಲೇ ಅಂದಾಜು ಇರುತ್ತದೆ. ಆ ನಷ್ಟ ವ್ಯಾಪಾರದ ಲೆಕ್ಕಕ್ಕೆ ಸೇರಬೇಕು. ನಮ್ಮ ಪಕ್ಕದ ಮನೆಯವರು ಚಾಕಣದ ಕಾರ್ಖಾನೆಯಲ್ಲಿದ್ದಾರೆ. ಅಲ್ಲೂ ‘ಬ್ಲಾಕ್ ಕ್ಲೋಜರ್’, ಅಂದರೆ ಕೆಲವು ದಿನ ಕಾರ್ಖಾನೆಯನ್ನೇ ಮುಚ್ಚುವುದು, ಇರುತ್ತದೆ. ಆದರೆ ಯೂನಿಯನ್ ಮೊದಲೇ ಕೂತು ಮಾತಾಡುತ್ತದೆ. ಮುಚ್ಚಿದ ದಿನಗಳಲ್ಲಿ ಅರ್ಧದಷ್ಟು ಕಂಪನಿ ಲೆಕ್ಕಕ್ಕೆ, ಅರ್ಧದಷ್ಟು ಕೆಲಸಗಾರರ ರಜೆಗೆ. ಕಂಪ್ಯೂಟರ್ ಮುಂದೆ ಕೂರುವ ನಮ್ಮ ಆಫೀಸಿನಲ್ಲಿ ಯೂನಿಯನ್ ಇಲ್ಲ, ಕೇಳುವ ರೂಢಿಯೂ ಇಲ್ಲ.

ನಾವು ಹದಿನಾಲ್ಕು ಜನ ಸೇರಿ ಎಚ್‌ಆರ್‌ಗೆ ಪತ್ರ ಕೊಟ್ಟಿದ್ದೇವೆ. ಶಟ್‌ಡೌನ್ ತಾರೀಖು ವರ್ಷದ ಮೊದಲ ತಿಂಗಳಲ್ಲೇ ಹೇಳಿ. ಕಡೇಪಕ್ಷ ಶಟ್‌ಡೌನ್ ದಿನಗಳಲ್ಲಿ ಅರ್ಧದಷ್ಟನ್ನು ಕಂಪನಿ ಹೊರಲಿ. ಹೊಸಬರ ಸಂಬಳ ಮುರಿಯಬೇಡಿ. ಆ ಹುಡುಗನ ಮೂರು ದಿನದ ದುಡ್ಡು ವಾಪಸ್ ಕೊಡಿ. ಉತ್ತರ ಇನ್ನೂ ಬಂದಿಲ್ಲ. ಬರುವ ಸೋಮವಾರ ಮತ್ತೆ ಹೋಗಿ ಕೇಳುತ್ತೇವೆ. ಪುಣೆಯಲ್ಲಿರುವ ನಮ್ಮವರು ಯಾರಾದರೂ ಹೀಗೆ ಕೇಳಿ ಪಡೆದಿದ್ದರೆ, ಪತ್ರದಲ್ಲಿ ಏನು ಬರೆದಿದ್ದಿರಿ ಅಂತ ದಯವಿಟ್ಟು ತಿಳಿಸಿ.