ಪೈಪು ಕೆಳಗೆ, ವಿಚಾರಣೆ ಮೇಲೆ

ಕಳೆದ ಮಂಗಳವಾರ ಬೆಳಗಿನ ಜಾವ ಐದೂವರೆಗೆ ಹೆಂಡತಿ ಅಲುಗಾಡಿಸಿ ಎಬ್ಬಿಸಿದಳು. "ರೀ, ಏಳಿ. ನಲ್ಲೀಲಿ ನೀರು ಬರ್ತಿದೆ."

ಮಂಗಳವಾರ ನಮ್ಮ ಬೀದಿಗೆ ನೀರಿನ ದಿನವಲ್ಲ. ನೀರಿನ ದಿನವೂ ಅದು ಕಡ್ಡಿ ಗಾತ್ರಕ್ಕೆ ಬರುತ್ತದೆ. ಒಂದು ಬಿಂದಿಗೆ ತುಂಬುವಷ್ಟರಲ್ಲಿ ಪೇಪರಿನ ಸಂಪಾದಕೀಯ ಓದಿ ಮುಗಿಸಬಹುದು. ಅವತ್ತು ಮಾತ್ರ ನೀರು ಚಿಮ್ಮಿ ಎದುರಿನ ಗೋಡೆಗೆ ಬಡಿಯುತ್ತಿತ್ತು. ನಾನು ಕಣ್ಣುಜ್ಜಿಕೊಂಡು ನೋಡುತ್ತಾ ನಿಂತೆ. ಅವಳಿಗೆ ಆಗಲೇ ವಿಷಯ ಅರ್ಥವಾಗಿತ್ತು. "ಯಾರೋ ದೊಡ್ಡೋರು ಬರ್ತಿದ್ದಾರೆ. ಬೇಗ ಬೆಡ್‌ಶೀಟೆಲ್ಲ ತೆಗೀರಿ."

ಬಂದರು. ಹನ್ನೊಂದು ಗಂಟೆಗೆ, ಐದು ಕಾರಿನಲ್ಲಿ. ಹಳೇ ನೀರಿನ ಪೈಪು ಬದಲಾಯಿಸುವ ಕೆಲಸ ಎಲ್ಲಿಗೆ ಬಂತು ಅಂತ ಮೇಲ್ವಿಚಾರಣೆ ಮಾಡಲು ಬೆಂಗಳೂರಿನಿಂದ ಬಂದವರು. ಮೇಲ್ವಿಚಾರಣೆ ಅನ್ನೋ ಪದ ಕಟ್ಟಿದ ಪುಣ್ಯಾತ್ಮನಿಗೆ ನಮ್ಮ ಕಚೇರಿಗಳ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ಪೈಪು ಇರೋದು ಕೆಳಗೆ. ವಿಚಾರಣೆ ನಡೆಯೋದು ಮೇಲೆ. ಇಬ್ಬರಿಗೂ ಮುಖಾಮುಖಿ ಆಗುವ ಪ್ರಸಂಗವೇ ಬರೋದಿಲ್ಲ.

ಮೈಸೂರಿಗೆ ನೀರು ತರೋದು ಸುಲಭವಲ್ಲ, ಅದನ್ನು ಒಪ್ಪೋಣ. ಊರು ಎತ್ತರದಲ್ಲಿದೆ, ಕಾವೇರಿ ತಗ್ಗಿನಲ್ಲಿದ್ದಾಳೆ. ಮಂಡ್ಯದ ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯಲ್ಲಿ ತಾನಾಗಿ ಇಳಿದು ಹೋಗುವ ನೀರನ್ನು ನಮಗೆ ಪಂಪು ಮಾಡಿ ಹತ್ತಿಸಬೇಕು. ದಿವಾನ್ ಪೂರ್ಣಯ್ಯನವರು ಇನ್ನೂರು ವರ್ಷದ ಹಿಂದೆಯೇ ಕಾವೇರಿಯನ್ನು ಊರಿಗೆ ತರಲು ಹೊರಟು ನಾಲೆ ತೋಡಿಸಿದರು. ಕಾವೇರಿ ಬರಲಿಲ್ಲ. ನಾಲೆಗೆ ಇವತ್ತಿಗೂ ಪೂರ್ಣಯ್ಯ ನಾಲೆ ಅಂತಲೇ ಹೆಸರು. ಪಾಪ, ಆಗ ಥರ್ಡ್ ಪಾರ್ಟಿ ಇನ್‌ಸ್ಪೆಕ್ಷನ್ ಇರಲಿಲ್ಲ. ಹಾಗಾಗಿ ನೀರು ಬರಲಿಲ್ಲ ಅನ್ನೋದು ಊರಿಗೆಲ್ಲ ಗೊತ್ತಾಗಿಹೋಯಿತು. ಈಗಾಗಿದ್ದರೆ "ಭೌತಿಕ ಪ್ರಗತಿ ತೃಪ್ತಿಕರ, ನೀರು ಹರಿಯುವುದೊಂದು ಬಾಕಿ" ಅಂತ ಬರೆದು ಬಿಲ್ ಪಾಸು ಮಾಡಿಬಿಡಬಹುದಿತ್ತು.

ಆಮೇಲಿನದು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಹೊತ್ತ ನೀರು ಸರಬರಾಜು. ಅವರು ರೀಜೆಂಟ್ ಆಗಿ ರಾಜ್ಯ ನೋಡಿಕೊಂಡದ್ದು 1895ರಿಂದ 1902ರವರೆಗೆ. ಅಷ್ಟು ಹಳೇ ಹೆಸರಿನ ವ್ಯವಸ್ಥೆಗೆ ಈಗ ರಿಪೇರಿ ಬೇಕು, ತಕರಾರಿಲ್ಲ. ರಿಪೇರಿಗೆ ಕೇಂದ್ರ ಸರ್ಕಾರದ ನಗರ ಯೋಜನೆಗಳೂ ಬರುತ್ತಲೇ ಇವೆ. 2005ರಲ್ಲಿ ನರ್ಮ್ ಬಂತು. 2015ರಲ್ಲಿ ಅಮೃತ್ ಬಂತು. 2021ರಲ್ಲಿ ಅಮೃತ್ 2.0. ಸಮುದ್ರ ಕಡೆದ ದೇವತೆಗಳಿಗೇ ಅಮೃತ ಸಿಕ್ಕಿದ್ದು ಒಂದು ಸಲ, ನಮಗೆ ಎರಡನೇ ವರ್ಶನ್ನೂ ಸಿಕ್ಕಿದೆ. ಮಿಕ್ಕದ್ದೆಲ್ಲ ಪುರಾಣದ ಪ್ರಕಾರವೇ ನಡೆಯುತ್ತಿದೆ. ಅಲ್ಲೂ ಅಮೃತಕ್ಕೆ ಮೊದಲು ಬಂದದ್ದು ಹಾಲಾಹಲ. ನಮ್ಮ ನಲ್ಲಿಯಲ್ಲೂ ಪೈಪು ರಿಪೇರಿ ಆದ ದಿನ ಮೊದಲ ಹತ್ತು ನಿಮಿಷ ಬರೋದು ಟೀ ಬಣ್ಣದ್ದು. ಕುಡಿಯಲು ಶಿವ ಸಿಗೋದಿಲ್ಲ, ಸುಮ್ನೆ ಗಿಡಕ್ಕೆ ಹಾಕುತ್ತೇವೆ.

ಕಾಯುವವರಿಗಂತೂ ಕಡಿಮೆಯಿಲ್ಲ. ಕನ್ನಂಬಾಡಿ ಕಟ್ಟೆಯಲ್ಲಿ ನಿಂತಿರುವ ನೀರಿಗೆ ಕಾವೇರಿ ನೀರಾವರಿ ನಿಗಮವಿದೆ. ಕೆಳಗೆ ಎಷ್ಟು ಬಿಡಬೇಕು ಅನ್ನೋದಕ್ಕೆ 2018ರಿಂದ ದೆಹಲಿಯಲ್ಲೊಂದು ಪ್ರಾಧಿಕಾರವಿದೆ. ಕಟ್ಟೆ ಗಟ್ಟಿಯಾಗಿದೆಯಾ ಅನ್ನೋದಕ್ಕೆ 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಇದೆ. ಇಷ್ಟೆಲ್ಲ ಇದ್ದೂ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಲ್ಲ ಅಣೆಕಟ್ಟೆಗಳನ್ನೂ ಒಮ್ಮೆ ನೋಡಿ ಅಂತ ಮಾತು ಶುರುವಾಯಿತು. ತುಂಡಾದದ್ದು ಗೇಟಿನ ಚೈನು. ಬೆಳೆಯುತ್ತಾ ಹೋದದ್ದು ಸಮಿತಿಗಳ ಚೈನು. ಈ ಎರಡನೇ ಚೈನು ತುಕ್ಕು ಹಿಡಿದ ಉದಾಹರಣೆಯೇ ಇಲ್ಲ.

ಒಂದು ಪರಿಶೀಲನೆ ಮಾತ್ರ ಟೈಮಿಗೆ ಸರಿಯಾಗಿ ಆಗುತ್ತದೆ, ಬಾಗಿನ. ಕಟ್ಟೆ 124.80 ಅಡಿ ಮುಟ್ಟಿದರೆ ಸಾಕು, ಮುಖ್ಯಮಂತ್ರಿಗಳಿಂದ ಹಿಡಿದು ಎಲ್ಲರೂ ಮೊರ ಹಿಡಿದು ಹಾಜರ್. 2025ರಲ್ಲಿ ಕಟ್ಟೆ ಮೊದಲ ಬಾರಿಗೆ ಜೂನ್ ತಿಂಗಳಲ್ಲೇ ತುಂಬಿತು, 30ನೇ ತಾರೀಕಿಗೇ ಬಾಗಿನವಾಯಿತು. ಒಂದು ದಿನ ತಡವಾಗಲಿಲ್ಲ, ಟೆಂಡರ್ ಮರುಕರೆಯಲಿಲ್ಲ. ನಮ್ಮ ಬೀದಿಯ ಪೈಪಿಗೂ ಒಂದು ಬಾಗಿನ ಇಟ್ಟುಕೊಂಡರೆ ಹೇಗೆ ಅಂತ ನನಗೆ ಆಗಾಗ ಅನಿಸುತ್ತದೆ.

ಇರಲಿ, ಮಂಗಳವಾರಕ್ಕೆ ಬರೋಣ. ಹಳೇ ಪೈಪು ಹೊಸ ಪೈಪಿಗೆ ಸೇರುವ ಜಾಗದಲ್ಲಿ ಒಂದು ವಾಲ್ವ್ ಇದೆ. ಅದನ್ನು ತೆರೆದು ತೋರಿಸಬೇಕು. ಆದರೆ ರಸ್ತೆಗೆ ಮೂರು ಸಲ ಟಾರು ಬಿದ್ದು ವಾಲ್ವಿನ ಬಾಕ್ಸೇ ಮುಚ್ಚಿಹೋಗಿತ್ತು. ಕಾರಿನ ಬಾನೆಟ್ಟಿನ ಮೇಲೆ ನಕ್ಷೆ ಹಾಸಿದರು. ನಕ್ಷೆಯ ಪ್ರಕಾರ ವಾಲ್ವ್ ಇರಬೇಕಾದದ್ದು ಪಕ್ಕದ ಮನೆ ರಾಯರ ದೇವರ ಕೋಣೆಯಲ್ಲಿ. ಎಲ್ಲರೂ ತಲೆ ಎತ್ತಿ ಆ ಕಡೆ ನೋಡಿದರು. ಜೆಸಿಬಿಯೂ ಆ ಕಡೆ ತಿರುಗಿತು. ಗೇಟಿನಲ್ಲಿ ನಿಂತು ತಮಾಷೆ ನೋಡುತ್ತಿದ್ದ ರಾಯರು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಕೊನೆಗೆ ಯಾರೋ ವಾಲ್ವಣ್ಣನಿಗೆ ಫೋನ್ ಮಾಡಿದರು. ಅವನ ನಿಜವಾದ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಮೂವತ್ತು ವರ್ಷ ನಮ್ಮ ಬೀದಿಗಳಿಗೆ ನೀರು ಬಿಟ್ಟವನು, ರಿಟೈರಾಗಿ ಒಂಬತ್ತು ವರ್ಷವಾಯಿತು. ಟಿವಿಎಸ್‌ನಲ್ಲಿ ಬಂದ. ನಕ್ಷೆ ತೋರಿಸಿದರು, ನೋಡಲಿಲ್ಲ. ರಾಯರ ಕಾಂಪೌಂಡಿಗೆ ಬೆನ್ನು ಕೊಟ್ಟು, ಲೈಟುಕಂಬದ ಕಡೆ ಐದು ಹೆಜ್ಜೆ ಹಾಕಿ, ಚಪ್ಪಲಿ ಬಿಟ್ಟು, ಬಲಗಾಲಿನ ಹೆಬ್ಬೆರಳನ್ನು ಟಾರಿನ ಮೇಲೆ ಊರಿದ.

"ಇಲ್ಲೇ ಸಾ. ಒಂದೂವರೆ ಮೊಳ ಅಗೀರಿ. ಒಟ್ಟು ಹದಿನಾಲ್ಕು ಸುತ್ತು ಅದೆ. ಹನ್ನೆರಡಕ್ಕೆ ನಿಲ್ಸಿ. ಪೂರ್ತಿ ತಿರುಗ್ಸುದ್ರೆ ಹಿಂದಿನ್ ಬೀದೀಲಿ ಪೈಪ್ ಒಡ್ದೋಯ್ತದೆ."

ಒಬ್ಬರು ಹೆಬ್ಬೆರಳಿನ ಫೋಟೋ ತೆಗೆದು ಜಿಯೋ ಟ್ಯಾಗ್ ಮಾಡಿದರು. ಇನ್ನೊಬ್ಬರು ಟೇಪು ಹಿಡಿದು ಹೆಬ್ಬೆರಳಿನಿಂದ ಕಂಬಕ್ಕೆ ಎಷ್ಟು ಅಂತ ಅಳೆದರು. ಮೂರನೆಯವರು ಫೈಲಿನಲ್ಲಿ "ತಾಂತ್ರಿಕ ಸಮೀಕ್ಷೆಯಿಂದ ವಾಲ್ವ್ ಸ್ಥಳ ಗುರುತಿಸಲಾಯಿತು" ಎಂದು ಬರೆದುಕೊಂಡರು. ಅಗೆದರು. ಒಂದೂವರೆ ಮೊಳಕ್ಕೆ ಸರಿಯಾಗಿ ಸಿಕ್ಕಿತು. ವಾಲ್ವಣ್ಣ ತಲೆ ಕೆರೆದುಕೊಂಡು ಪೆಟ್ರೋಲಿಗೆ ಏನಾದ್ರೂ ಅಂದ. ಕೋಟಿಗಟ್ಟಲೆಯ ಎಸ್ಟಿಮೇಟಿನಲ್ಲಿ ಅದಕ್ಕೆ ಹೆಡ್ ಇಲ್ಲವಂತೆ. ನನ್ನ ಹೆಂಡತಿ ಕರೆದು ಕಾಫಿ ಕೊಟ್ಟಳು.

ಅವನು ಕಾಫಿ ಕುಡಿಯುವ ಹೊತ್ತಿಗೆ ಇಲ್ಲಿ ಕೀ ತಿರುಗುತ್ತಿತ್ತು. ಹನ್ನೆರಡಕ್ಕೆ ಕೀ ಹಿಡಿದ ಹುಡುಗ ನಿಂತ. ಬಂದವರಲ್ಲಿ ಹಿರಿಯರು ವಾಚು ನೋಡಿಕೊಂಡು, "ಯಾಕ್ರೀ ನಿಲ್ಲಿಸಿದ್ರಿ? ಪೂರ್ತಿ ತೆಗೀರಿ, ಪ್ರೆಶರ್ ನೋಡೋಣ" ಅಂದರು. ಹದಿಮೂರು. ಹದಿನಾಲ್ಕು.

ಹಿಂದಿನ ಬೀದಿಯಿಂದ ಮೊದಲು ಡಬ್ ಅಂತ ಸದ್ದು ಬಂತು, ಆಮೇಲೆ ಹೆಂಗಸರ ಕೂಗು, ಆಮೇಲೆ ಮಕ್ಕಳ ಕೇಕೆ. ವಾಲ್ವಣ್ಣ ಲೋಟ ಕೆಳಗಿಟ್ಟು, "ನಾ ಯೋಳ್ದೆ ಅಲ್ವಾ ಸಾ" ಅಂದ, ನನಗೆ ಮಾತ್ರ ಕೇಳುವ ಹಾಗೆ.

ಹಿರಿಯರು ಗಾಬರಿಯಾಗಲಿಲ್ಲ. "ಆ ಬೀದಿ ಯಾವ ಪ್ಯಾಕೇಜು?" ಅಂತ ಕೇಳಿದರು. ಪ್ಯಾಕೇಜ್ ಮೂರು ಸಾರ್. "ನಾವು ನೋಡ್ತಿರೋದು?" ಪ್ಯಾಕೇಜ್ ಎರಡು ಸಾರ್. ಎಲ್ಲರ ಮುಖದಲ್ಲೂ ಒಮ್ಮೆಗೇ ನೆಮ್ಮದಿ ಕಾಣಿಸಿತು. ಪ್ಯಾಕೇಜ್ ಎರಡರಲ್ಲಿ ಸೋರಿಕೆ ಇಲ್ಲ ಎಂದು ಬರೆದು ಸಹಿ ಹಾಕಿದರು. ಕಾರುಗಳು ಮುಂದಿನ ಬೀದಿಯಿಂದಲೇ ಹೋದವು, ಹಿಂದಿನದರಲ್ಲಿ ನೀರು ನಿಂತಿತ್ತಲ್ಲ.

ಒಂದು ಗಂಟೆಗೆ ನಮ್ಮ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮಹಡಿಯ ಮೇಲೆ ಏಳು ಬೆಡ್‌ಶೀಟು ಒಣಗುತ್ತಿದ್ದವು. ಮುಂದಿನ ಪರಿಶೀಲನೆ ಹದಿನೆಂಟಕ್ಕಂತೆ, ವಾಲ್ವಣ್ಣ ಹೋಗುವಾಗ ಹೇಳಿ ಹೋದ. ಹೆಂಡತಿ ಕಿಟಕಿ ಪರದೆಗಳನ್ನು ಆ ದಿನಕ್ಕೆ ಎತ್ತಿಟ್ಟಿದ್ದಾಳೆ.